ಸಸಿ ಕಿಟ್ ವಿಮರ್ಶೆ: ಟ್ರೇಗೆ ದುಡ್ಡು ಕೊಡಬಹುದು, ದೀಪಕ್ಕೆ ಯೋಚಿಸಿ

ಡಬ್ಬಿಯ ಮೇಲಿನ ಚಿತ್ರದಲ್ಲಿ ಟೊಮ್ಯಾಟೊ ಗೊಂಚಲು ಗೊಂಚಲಾಗಿ ತೂಗುತ್ತಿದೆ. ಒಳಗೆ ಇರುವುದು 12 ಕುಣಿಯ ಒಂದು ಪ್ಲಾಸ್ಟಿಕ್ ಟ್ರೇ, ಅದರಡಿಗೆ ನೀರು ನಿಲ್ಲುವ ತಟ್ಟೆ, ಮೇಲೊಂದು ಪಾರದರ್ಶಕ ಮುಚ್ಚಳ, ಬಿಸ್ಕತ್ತಿನಷ್ಟು ಅಗಲದ ಒಂದು ಡಜನ್ ತೆಂಗಿನ ನಾರಿನ ಬಿಲ್ಲೆಗಳು, ಹತ್ತು ಪೊಟ್ಟಣ ಬೀಜ, ಹೆಸರು ಬರೆಯುವ ಕಡ್ಡಿಗಳು ಮತ್ತು ಮೇಜಿನ ಅಂಚಿಗೆ ಸಿಕ್ಕಿಸುವ, ಕೊಕ್ಕರೆ ಕತ್ತಿನ ನೇರಳೆ ದೀಪ. ಮನೆಯೊಳಗೇ ತರಕಾರಿ ಸಸಿ ಮಾಡಿಕೊಳ್ಳಿ ಎಂದು ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಮಾರುವ ಕಿಟ್‌ಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟರೆ ಹೆಸರಷ್ಟೇ ಬೇರೆ, ಸಾಮಾನು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ವಿಮರ್ಶೆಯಲ್ಲ, ಈ ಡಬ್ಬಿಯೊಳಗಿನ ಒಂದೊಂದು ಸಾಮಾನಿನ ವಿಮರ್ಶೆ.

ಬೀಜ ಮೊಳೆಸುವ ಕೆಲಸವನ್ನು ಕಿಟ್ ಚೆನ್ನಾಗಿಯೇ ಮಾಡುತ್ತದೆ. ಆದರೆ ಬೀಜ ಮೊಳೆಸುವುದು ಯಾವತ್ತು ಕಷ್ಟವಾಗಿತ್ತು? ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಡುವ ಅಡುಗೆಮನೆಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಶುರುವಾಗುವುದು ಮೊಳಕೆ ತಲೆಯೆತ್ತಿದ ಮೇಲೆ, ಐದನೇ ದಿನದಿಂದ ಇಪ್ಪತ್ತೈದನೇ ದಿನದವರೆಗೆ. ಆಗ ಸಸಿ ಕೇಳುವುದು ಬೆಳಕು. ಕಿಟ್ ಕೈಕೊಡುವುದೂ ಅಲ್ಲೇ. ಹತ್ತನೇ ದಿನಕ್ಕೆ ಸಸಿಗಳು ಹೊಲಿಗೆ ದಾರದಷ್ಟು ಸಪೂರವಾಗಿ, ಬೆರಳುದ್ದ ಎಳೆದುಕೊಂಡು, ಕಿಟಕಿ ಕಡೆ ವಾಲಿ ಮಲಗಿರುತ್ತವೆ. ಮಾರುವ ಪುಟಗಳಲ್ಲಿ ‘ಎರಡೇ ದಿನಕ್ಕೆ ಮೊಳಕೆ ಬಂತು, ಸೂಪರ್’ ಎಂದು ಐದು ನಕ್ಷತ್ರ ಕೊಡುವವರು ಬರೆಯುವುದು ಮೂರನೇ ದಿನ. ಹದಿನೈದನೇ ದಿನ ಬರೆದಿದ್ದರೆ ನಕ್ಷತ್ರ ಉದುರುತ್ತಿದ್ದವು.

ಟ್ರೇ ಮತ್ತು ಮುಚ್ಚಳ

ಟ್ರೇಗೆ ಒಳ್ಳೆಯ ಮಾರ್ಕು. ಕುಣಿಗಳು ಅಗಲವಾಗಿವೆ, ತಳದಲ್ಲಿ ತೂತು ಇದೆ, ಕೆಳಗಿನಿಂದ ಬೆರಳಿಟ್ಟು ಒತ್ತಿದರೆ ಸಸಿ ಬೇರು ಸಮೇತ ಮೇಲೆ ಬರುತ್ತದೆ. ಆದರೆ 12 ಕುಣಿ ಎಂದರೆ 12 ಸಸಿ, ಅಷ್ಟೇ. ನರ್ಸರಿಯವರು ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಎಲೆಕೋಸಿಗೆ ಬಳಸುವ 98 ಕುಣಿಯ ಕಪ್ಪು ಪ್ರೋಟ್ರೇ ಸುಮಾರು 54 ಸೆಂಟಿಮೀಟರ್ ಉದ್ದ, 27 ಅಗಲ ಇರುತ್ತದೆ, ತೇವ ಮಾಡಿದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಂದೂಕಾಲು ಕಿಲೋ ಹತ್ತಿರ ಹಿಡಿಯುತ್ತದೆ. ಮನೆಗೆ 98 ಸಸಿ ಬೇಡ. 50 ಕುಣಿಯ ಪ್ರೋಟ್ರೇ ತಂದು ಕತ್ತರಿಯಿಂದ ಎರಡು ತುಂಡು ಮಾಡಿಕೊಂಡರೆ ಕಿಟಕಿ ಕಟ್ಟೆಗೆ ಸರಿಹೋಗುತ್ತದೆ. ಕುಣಿ ದೊಡ್ಡದಿದ್ದಷ್ಟೂ ಸಸಿಗಳ ನಡುವೆ ಅಂತರ ಹೆಚ್ಚು, ಎಳೆದುಕೊಂಡು ಬೆಳೆಯುವ ಕಾಟ ಕಡಿಮೆ.

ಮುಚ್ಚಳದ ಬಗ್ಗೆ ಕಿಟ್‌ನ ಹಾಳೆ ಹೇಳುವುದು ಅರ್ಧ ಸತ್ಯ. ತೇವ ಕಾಯಲು ಮುಚ್ಚಳ ಇಡಿ ಎನ್ನುತ್ತದೆ, ಯಾವಾಗ ತೆಗೆಯಬೇಕು ಎನ್ನುವುದಿಲ್ಲ. ಹಳೇ ಮೈಸೂರಿನ ಕಡೆ ಒಟ್ಲು (ಸಸಿಮಡಿ) ಹಾಕುವವರಿಗೆ, ಉತ್ತರ ಕರ್ನಾಟಕದಲ್ಲಿ ಮೆಣಸಿನ ಅಗಿ (ಸಸಿ) ಮಾಡುವವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಮಡಿಯ ಮೇಲೆ ಹುಲ್ಲು ಹೊದಿಸಿರುತ್ತಾರೆ, ಮೊಳಕೆ ಕಂಡ ದಿನವೇ ಸಂಜೆ ಹೊತ್ತಿಗೆ ಎತ್ತಿಬಿಡುತ್ತಾರೆ. ಒಂದು ದಿನ ತಡವಾದರೂ ಸಸಿ ಬೆಳ್ಳಗೆ ನೀಳವಾಗುತ್ತದೆ. ಕಿಟ್‌ನ ಮುಚ್ಚಳಕ್ಕೂ ಅದೇ ಲೆಕ್ಕ. ಪ್ಲಾಸ್ಟಿಕ್ ಪಾರದರ್ಶಕವೇ ಆದರೂ ಒಳಗೆ ಹಬೆ ಹನಿಗಟ್ಟಿ ಬೆಳಕು ಕುಗ್ಗುತ್ತದೆ, ಸೆಖೆ ಏರುತ್ತದೆ. ಸೆಖೆ ಹೆಚ್ಚು, ಬೆಳಕು ಕಡಿಮೆ: ಸಸಿ ಎಳೆದುಕೊಳ್ಳಲು ಇದಕ್ಕಿಂತ ಬೇರೆ ನೆಪ ಬೇಡ. ಅರ್ಧದಷ್ಟು ಬೀಜ ತಲೆಯೆತ್ತಿದ ಕೂಡಲೇ ಮುಚ್ಚಳ ತೆಗೆದು ಅಟ್ಟಕ್ಕೆ ಹಾಕಿ. ಉಳಿದರ್ಧ ಬೀಜಕ್ಕೆ ಏನು ಗತಿ ಎಂದು ಕೇಳಬೇಡಿ. ಅವಕ್ಕೆ ದಿನಕ್ಕೆರಡು ಸಲ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದರೆ ಬರುತ್ತವೆ.

ಬಿಲ್ಲೆಗಳು

ಒಣ ಬಿಲ್ಲೆ ನೀರಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಉಬ್ಬಿ ನಾಲ್ಕು ಸೆಂಟಿಮೀಟರ್ ಎತ್ತರದ ಪುಟ್ಟ ಕುಂಡದಂತಾಗುತ್ತದೆ. ಮಕ್ಕಳಿಗೆ ಅದನ್ನು ನೋಡುವುದೇ ಖುಷಿ. ಅನುಕೂಲವೂ ಹೌದು, ಕೈ ಮಣ್ಣಾಗುವುದಿಲ್ಲ. ತಕರಾರು ಮೂರು. ಮೊದಲನೆಯದು, ಬಿಲ್ಲೆಯ ಸುತ್ತ ಇರುವ ಸಣ್ಣ ಬಲೆ. ಮಣ್ಣಲ್ಲಿ ಕರಗುತ್ತದೆ ಎಂದು ಬರೆದಿದ್ದರೂ ಹಲವು ತಿಂಗಳಾದರೂ ಹಾಗೇ ಇರುವ ಬಲೆಗಳೇ ಹೆಚ್ಚು. ಬೇರು ಅದರೊಳಗೇ ಸುತ್ತು ಹೊಡೆದು ಗಿಡ ಕುಳ್ಳಾಗುತ್ತದೆ. ಕುಂಡಕ್ಕೆ ನೆಡುವಾಗ ಬ್ಲೇಡಿನಿಂದ ಬಲೆಯ ಬದಿ ಸೀಳಿ ತೆಗೆದುಬಿಡಿ. ಎರಡನೆಯದು, ಅದರಲ್ಲಿ ಊಟ ಇಲ್ಲ. ಬೀಜದೊಳಗಿನ ಬುತ್ತಿ ಮುಗಿದ ಮೇಲೆ, ಅಂದರೆ ಮೊಳೆತಾಗ ಬರುವ ಬೀಜದಳದ ನಂತರ ನಿಜವಾದ ಎಲೆ ಒಂದು ಜೋಡಿ ಬರುವ ಹೊತ್ತಿಗೆ, ಸಸಿ ತಿಳಿ ಹಳದಿಗೆ ತಿರುಗುತ್ತದೆ. ಮೂರನೆಯದು, ತೀರಾ ಒಣಗಿದರೆ ಮತ್ತೆ ಮೇಲಿನಿಂದ ನೀರು ಸುರಿದರೆ ಹೀರುವುದಿಲ್ಲ, ಬದಿಯಿಂದ ಜಾರಿ ಹೋಗುತ್ತದೆ. ತಟ್ಟೆಯಲ್ಲಿ ನೀರು ನಿಲ್ಲಿಸಿ ನೆನೆಸಬೇಕು.

ಬಿಲ್ಲೆ ಮುಗಿದ ಮೇಲೆ ಮತ್ತೆ ಬಿಲ್ಲೆಯನ್ನೇ ಕೊಳ್ಳುವುದು ದುಡ್ಡು ದಂಡ. ಐದು ಕಿಲೋದ ಕೋಕೋಪೀಟ್ ಇಟ್ಟಿಗೆಗೆ 20–25 ಲೀಟರ್ ನೀರು ಕುಡಿಸಿದರೆ 60 ಲೀಟರಿಗೂ ಮಿಕ್ಕಿ ಪುಡಿಯಾಗುತ್ತದೆ, ಒಂದು ಮನೆಗೆ ಎರಡು ಮೂರು ಹಂಗಾಮಿಗೆ ಸಾಕು. ಅಷ್ಟು ಬೇಡವಾದರೆ 650 ಗ್ರಾಂ ಇಟ್ಟಿಗೆ ತನ್ನಿ. ‘ಲೋ ಇಸಿ’ (ಉಪ್ಪಿನಂಶ ಕಡಿಮೆ) ಅಥವಾ ‘ತೊಳೆದದ್ದು’ ಎಂದು ಬರೆದಿದೆಯೇ ನೋಡಿ. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪಿನಂಶ, ಜೊತೆಗೆ ಚೊಗರಿನ ಟ್ಯಾನಿನ್ ಇರುತ್ತದೆ. ಸಸಿಯ ಎಲೆ ಅಂಚು ಸುಟ್ಟಂತೆ ಕಂದಾದರೆ ಅನುಮಾನ ಮೊದಲು ಅಲ್ಲಿಗೆ ಹೋಗಬೇಕು. ಬಕೆಟ್‌ನಲ್ಲಿ ನೆನೆಸಿ, ಹಿಂಡಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಸಿ. ನೀರು ತಿಳಿಯಾಗುವವರೆಗೆ, ಸಾಮಾನ್ಯವಾಗಿ ಎರಡು ಮೂರು ಸಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ ಹುದುಗಿಸಿದ ಕೋಕೋಪೀಟ್’ ಸಿಕ್ಕರೆ ಈ ತಾಪತ್ರಯ ತಪ್ಪುತ್ತದೆ. ಹಸಿ ನಾರಿನ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಸಸಿಗೆ ಒಗ್ಗುವಂತೆ ಮಾಡಿದ್ದು ಅದು.

ಬರೀ ಕೋಕೋಪೀಟಿಗೆ ನಾಲ್ಕನೇ ಒಂದು ಭಾಗ ಜರಡಿ ಹಿಡಿದ ಎರೆಹುಳು ಗೊಬ್ಬರ ಬೆರೆಸಿದರೆ ಮೊದಲ ಎರಡು ವಾರದ ಊಟ ಆಯಿತು. ಜರಡಿ ಹಿಡಿಯಲೇಬೇಕು, ಗಂಟು ಉಳಿದರೆ ಕುಣಿಯೊಳಗೆ ಪೊಳ್ಳು ಬೀಳುತ್ತದೆ. ಕೆಂಪು ಮಣ್ಣು ಬೆರೆಸುವ ಆಸೆ ಬೇಡ. ಕುಣಿ ಚಿಕ್ಕದು, ಮಣ್ಣು ಬಿಗಿದು ಬೇರಿಗೆ ಉಸಿರು ಸಿಗುವುದಿಲ್ಲ.

ಬೀಜದ ಪೊಟ್ಟಣ ಮತ್ತು ಜೊತೆಗಿನ ಹಾಳೆ

ಹತ್ತು ಬಗೆ ಬೀಜ ಎಂದು ಜೋರಾಗಿ ಬರೆದಿರುತ್ತಾರೆ. ಅದರಲ್ಲಿ ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಕೂಡ ಸೇರಿದ್ದರೆ ಕಿಟ್ ಜೋಡಿಸಿದವರಿಗೆ ತೋಟದ ಗಾಳಿ ತಗುಲಿಲ್ಲ ಎಂದೇ ಅರ್ಥ. ಗಡ್ಡೆಯಾಗುವ ತಾಯಿಬೇರನ್ನು ಕಿತ್ತು ನೆಟ್ಟರೆ ಕ್ಯಾರೆಟ್, ಮೂಲಂಗಿ ಕವಲೊಡೆದು ಸೊಟ್ಟಗಾಗುತ್ತವೆ. ಹುರುಳಿಕಾಯಿ, ಬೆಂಡೆ, ಹರಿವೆ, ಕೊತ್ತಂಬರಿಗೂ ಟ್ರೇ ಬೇಕಿಲ್ಲ, ನೇರವಾಗಿ ಕುಂಡಕ್ಕೇ ಹಾಕಿ. ಟ್ರೇ ಕಟ್ಟಿರುವುದು ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ದೊಣ್ಣೆಮೆಣಸು, ಎಲೆಕೋಸು, ಹೂಕೋಸು, ನವಿಲುಕೋಸಿನಂಥವಕ್ಕೆ.

ಪೊಟ್ಟಣದ ಹಿಂದೆ ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನ, ಯಾವಾಗಿನವರೆಗೆ ಬಳಸಬಹುದು ಎಂಬ ವಿವರ ಇರಬೇಕು. ನಮ್ಮಲ್ಲಿ ಪ್ರಮಾಣಿತ ಬೀಜಕ್ಕೆ ಇರುವ ಕನಿಷ್ಠ ಮೊಳಕೆ ಮಟ್ಟ ಟೊಮ್ಯಾಟೊ, ಬದನೆಗೆ ಶೇ. 70, ಮೆಣಸಿನಕಾಯಿಗೆ ಶೇ. 60. ಅಂದರೆ ಒಳ್ಳೆಯ ಮೆಣಸಿನ ಬೀಜದಲ್ಲೂ ಹತ್ತರಲ್ಲಿ ನಾಲ್ಕು ಕೈಕೊಟ್ಟರೆ ಅದು ಮೋಸವಲ್ಲ. ಕಿಟ್‌ನ ಪೊಟ್ಟಣಗಳಲ್ಲಿ ಬಹಳ ಸಲ ಬಣ್ಣದ ಚಿತ್ರ ಬಿಟ್ಟರೆ ದಿನಾಂಕವೇ ಇರುವುದಿಲ್ಲ. ಅಂಥದ್ದನ್ನು ಕುಣಿಗೆ ಎರಡೆರಡು ಹಾಕಿ, ಎರಡೂ ಬಂದರೆ ಸೊರಗಿದ್ದನ್ನು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರೂ ಅಲುಗುತ್ತದೆ. ಬೀಜ ಕೊಂಡುಕೊಳ್ಳುವುದೇ ಆದರೆ ಹೆಸರಘಟ್ಟದ ಸಂಸ್ಥೆಯ ಅರ್ಕಾ ತಳಿಗಳು ಅವರ ಬೀಜ ಪೋರ್ಟಲ್‌ನಲ್ಲೇ ಸಿಗುತ್ತವೆ. ಟೊಮ್ಯಾಟೊದಲ್ಲಿ ಅರ್ಕಾ ರಕ್ಷಕ್ ಮೂರು ರೋಗ ತಡೆಯುವ ಹೈಬ್ರಿಡ್, ಬೀಜ ಎತ್ತಿಟ್ಟು ಮುಂದಿನ ಸಲಕ್ಕೆ ಬಳಸಬೇಕೆನ್ನುವವರಿಗೆ ಅರ್ಕಾ ವಿಕಾಸ್ ಇದೆ.

ಹಾಳೆಯ ವಿಷಯಕ್ಕೆ ಬಂದರೆ ನಗು ಬರುತ್ತದೆ. ‘ಕೊನೆಯ ಹಿಮ ಬೀಳುವ ದಿನಕ್ಕೆ ಆರರಿಂದ ಎಂಟು ವಾರ ಮೊದಲು ಬಿತ್ತಿ’ ಎಂದಿದೆ. ಟೊರೊಂಟೊದಲ್ಲಿರುವ ಕನ್ನಡಿಗರಿಗೆ ಇದು ಬೇಕಾದ ಮಾತೇ. ಅಲ್ಲಿ ಮಾರ್ಚ್ ಕೊನೆಗೆ ಮನೆಯೊಳಗೆ ಬಿತ್ತಿ ಮೇ ಕೊನೆಗೆ ಹಿತ್ತಲಿಗೆ ನೆಡುತ್ತಾರೆ. ದಾವಣಗೆರೆಯವರು ಯಾವ ಹಿಮಕ್ಕೆ ಕಾಯಬೇಕು? ಈ ಕಿಟ್ ಹುಟ್ಟಿದ್ದೇ ಚಳಿ ದೇಶದ ಮನೆಗಳಿಗೆ. ನಮ್ಮಲ್ಲಿ ಮನೆಯೊಳಗೆ ಸಸಿ ಮಾಡುವ ಕಾರಣಗಳೇ ಬೇರೆ: ಜುಲೈಯಲ್ಲಿ ಮಲೆನಾಡಿನ ಜಡಿಮಳೆ, ಬಾಲ್ಕನಿಗೆ ಬಿಸಿಲೇ ಬೀಳದ ಬೆಂಗಳೂರಿನ ಫ್ಲ್ಯಾಟು, ಎಳೆ ಸಸಿ ಕುಕ್ಕುವ ಹಕ್ಕಿ, ಟ್ರೇಯನ್ನೇ ಎತ್ತಿಕೊಂಡು ಹೋಗುವ ಮಂಗ. ಕೆಲವು ಕಿಟ್‌ಗಳ ಜೊತೆ ಬರುವ ಬಿಸಿ ಚಾಪೆಯೂ ಇದೇ ಕಾರಣಕ್ಕೆ ನಮಗೆ ಬೇಡದ್ದು. ಟೊಮ್ಯಾಟೊ, ಮೆಣಸು ಮೊಳೆಯಲು 25–30 ಡಿಗ್ರಿ ಬೇಕು, ಅದು ವರ್ಷದ ಬಹುಪಾಲು ಮನೆಯೊಳಗೆ ಇದ್ದೇ ಇದೆ. ಡಿಸೆಂಬರ್ ಚಳಿಯಲ್ಲಿ ಮೆಣಸಿನ ಬೀಜ ಎರಡು ವಾರ ಸತಾಯಿಸಿದರೆ ಟ್ರೇಯನ್ನು ಫ್ರಿಜ್ ಮೇಲೆ ಇಡಿ.

ದೀಪ: ದುಡ್ಡು ಹೋಗುವುದು ಇಲ್ಲೇ

ಡಬ್ಬಿಯ ಮೇಲೆ ‘40 ವ್ಯಾಟ್’ ಎಂದು ಇರುತ್ತದೆ, ನಾಲ್ಕು ತಲೆಯದ್ದಾದರೆ ‘80 ವ್ಯಾಟ್’. ದೀಪದ ವೈರ್ ತುದಿಯಲ್ಲಿ ಯುಎಸ್‌ಬಿ ಪಿನ್ ಇದೆಯೇ ನೋಡಿ. ಇದ್ದರೆ ಅದರ ಜೊತೆ ಬಂದ, ಅಥವಾ ನೀವು ಸಿಕ್ಕಿಸುವ ಮೊಬೈಲ್ ಚಾರ್ಜರಿನ ಬೆನ್ನು ತಿರುಗಿಸಿ ಕಣ್ಣು ಕಿರಿದು ಮಾಡಿ ಓದಿ: ಔಟ್‌ಪುಟ್ 5 ವೋಲ್ಟ್, 2 ಆಂಪಿಯರ್. ಐದೆರಡ್ಲ ಹತ್ತು. ಹತ್ತು ವ್ಯಾಟಿಗಿಂತ ಹೆಚ್ಚು ಅದರಿಂದ ಹೊರಡಲು ಸಾಧ್ಯವೇ ಇಲ್ಲ, ಡಬ್ಬಿಯ ಮೇಲೆ ಏನೇ ಬರೆದಿರಲಿ. ತಲೆ ನಾಲ್ಕಿದ್ದರೆ ಆ ಹತ್ತೇ ವ್ಯಾಟು ನಾಲ್ಕು ಪಾಲಾಗುತ್ತದೆ, ಅಷ್ಟೇ.

ಹತ್ತು ವ್ಯಾಟ್ ಎಲ್‌ಇಡಿ ಒಂದು ಚದರ ಅಡಿಗೆ ಮಾತ್ರ ಲೆಕ್ಕಕ್ಕೆ ಬರುವ ದೀಪ, ಅದೂ ಸಸಿಯ ನೆತ್ತಿಗೆ 10–15 ಸೆಂಟಿಮೀಟರ್ ಹತ್ತಿರ ಬಂದರೆ. ಕೊಕ್ಕರೆ ಕತ್ತನ್ನು ಅಷ್ಟು ಬಗ್ಗಿಸಿದರೆ ಕ್ಲಿಪ್ ಭಾರ ತಾಳದೆ ವಾಲುತ್ತದೆ. ನೆಟ್ಟಗೆ ನಿಲ್ಲಿಸಿದರೆ ದೀಪ ಒಂದೂವರೆ ಅಡಿ ಮೇಲೆ ಹೋಗುತ್ತದೆ. ಜಾಹೀರಾತಿನ ಚಿತ್ರದಲ್ಲಿ ಅಷ್ಟೇ ಎತ್ತರದಲ್ಲಿ ಇಟ್ಟಿರುತ್ತಾರೆ, ಟ್ರೇ ಪೂರ್ತಿ ನೇರಳೆಯಾಗಿ ಚೆಂದ ಕಾಣಲಿ ಎಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಬಣ್ಣದ ವಿಷಯ. ಗಿಡಕ್ಕೆ ಕೆಂಪು, ನೀಲಿ ಬೆಳಕು ಮುಖ್ಯ ಎನ್ನುವುದು ನಿಜ. ನೀಲಿ ಕಾಂಡವನ್ನು ಗಿಡ್ಡ ಮಾಡುತ್ತದೆ. ಆದರೆ ಅಗ್ಗದ ನೇರಳೆ ದೀಪಗಳಲ್ಲಿ ಕೆಂಪು ಬಲ್ಬುಗಳೇ ಹೆಚ್ಚು. ಆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಕಾಣುವುದಿಲ್ಲ, ಹುಳ ಬಂದದ್ದೂ ಕಾಣುವುದಿಲ್ಲ, ಎಲ್ಲವೂ ಕಪ್ಪು. 6500 ಕೆಲ್ವಿನ್ ಎಂದು ಬರೆದಿರುವ ಸಾದಾ ಬಿಳಿ ಟ್ಯೂಬಿನಲ್ಲಿ ಬೇಕಾದಷ್ಟು ನೀಲಿ ಇದೆ, ಕೆಂಪೂ ಇದೆ. ಹಳದಿ ಛಾಯೆಯ ವಾರ್ಮ್ ವೈಟ್ ಬೇಡ, ಸಸಿ ತುಸು ಉದ್ದವಾಗುತ್ತದೆ.

ಟೈಮರ್ 3, 9, 12 ಗಂಟೆಯದ್ದು. ಸಸಿಗೆ ಇಂಥ ಮಂದ ದೀಪದಡಿ 14ರಿಂದ 16 ಗಂಟೆ ಬೇಕು, 12ಕ್ಕೆ ನಿಲ್ಲುವುದು ಒಂದು ಕೊರತೆ. ಅದಕ್ಕಿಂತ ದೊಡ್ಡದು, ಕರೆಂಟು ಹೋಗಿ ಬಂದರೆ ಸ್ಪರ್ಶದ ಬಟನ್ ಇರುವ ಇಂಥ ದೀಪಗಳಲ್ಲಿ ಹೆಚ್ಚಿನವು ತಾವಾಗಿ ಮತ್ತೆ ಹೊತ್ತಿಕೊಳ್ಳುವುದಿಲ್ಲ, ಟೈಮರೂ ಮರೆತುಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಕರೆಂಟು ಹೋದರೆ ಸಂಜೆ ನೀವು ಕೆಲಸದಿಂದ ಬರುವವರೆಗೆ ಸಸಿಗಳು ಕತ್ತಲಲ್ಲೇ. ಇಂಥ ಮೂರು ದಿನ ಸಾಕು, ಕೆಟ್ಟ ಎತ್ತರ ಬಂದಾಯಿತು.

ಇದರ ಬದಲು ಏನು? ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಬ್ಯಾಟನ್, ಅಂದರೆ ಪಟ್ಟಿಯಂಥ ಟ್ಯೂಬ್‌ಲೈಟ್, ಎರಡು. ಒಂದಕ್ಕೆ ಇನ್ನೂರು ಮುನ್ನೂರು ರೂಪಾಯಿ, ಒಂದೊಂದೂ ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ಎರಡನ್ನೂ ಒಂದು ಹಲಗೆಗೆ ಹತ್ತು ಸೆಂಟಿಮೀಟರ್ ಅಂತರದಲ್ಲಿ ಸ್ಕ್ರೂ ಹಾಕಿ, ಹಲಗೆಯನ್ನು ಸಣ್ಣ ಸರಪಳಿಯಿಂದ ತೂಗಿಬಿಟ್ಟರೆ ಕೆಳಗೆ ಎರಡು ಪ್ರೋಟ್ರೇ ಉದ್ದಕ್ಕೆ ಕೂರುತ್ತವೆ. ಸಸಿ ಬೆಳೆದಂತೆ ಸರಪಳಿಯ ಒಂದೊಂದು ಕೊಂಡಿ ಮೇಲಕ್ಕೆ. ಅಂತರ 10–15 ಸೆಂಟಿಮೀಟರ್ ಮೀರಬಾರದು. ಎಲ್‌ಇಡಿ ಹೆಚ್ಚು ಬಿಸಿಯಾಗುವುದಿಲ್ಲ, ಎಲೆ ಸುಡುವ ಭಯ ಬೇಡ. ಅಂಗೈ ಸಸಿಯ ಎತ್ತರದಲ್ಲಿ ಒಂದು ನಿಮಿಷ ಹಿಡಿದು ನೋಡಿ, ಬಿಸಿ ತಾಗದಿದ್ದರೆ ಆಯಿತು. ಸರ್ಕ್ಯೂಟಿಗೆ ಮುಳ್ಳು ತಿರುಗುವ ಸಾದಾ ಪ್ಲಗ್ ಟೈಮರ್ ಹಾಕಿದರೆ ಕರೆಂಟು ಹೋಗಿ ಬಂದಾಗ ದೀಪ ತಾನೇ ಹೊತ್ತುತ್ತದೆ, ಆದರೆ ಹೋದಷ್ಟು ಹೊತ್ತು ಗಡಿಯಾರ ಹಿಂದೆ ಬೀಳುತ್ತದೆ, ವಾರಕ್ಕೊಮ್ಮೆ ಸರಿಪಡಿಸಿ. ಎರಡು ಬ್ಯಾಟನ್ 16 ಗಂಟೆಗೆ 0.64 ಯೂನಿಟ್, 25 ದಿನಕ್ಕೆ 16 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ನೂರು ರೂಪಾಯಿ ದಾಟುವುದಿಲ್ಲ.

ಕಿಟಕಿ ಸಾಲದೇ ಎಂದು ಕೇಳುವವರಿಗೆ: ಪೂರ್ವದ ಕಿಟಕಿಯ ಕಟ್ಟೆ, ಬೆಳಿಗ್ಗೆ ಮೂರು ನಾಲ್ಕು ಗಂಟೆ ನೇರ ಬಿಸಿಲು ಬೀಳುವುದಾದರೆ ಮುಕ್ಕಾಲು ಕೆಲಸ ಆಗುತ್ತದೆ. ದಕ್ಷಿಣದ ಕಿಟಕಿಯನ್ನು ನಂಬುವ ಮುನ್ನ ತಿಂಗಳು ನೋಡಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ದಕ್ಷಿಣದ ಕಟ್ಟೆಗೆ ಆಗ ನೇರ ಬಿಸಿಲೇ ಇಲ್ಲ. ಮುಂಗಾರಿಗೆ ಸಸಿ ಮಾಡುವ ಕಾಲವೂ ಅದೇ. ಸೊಳ್ಳೆ ಪರದೆ, ಗ್ರಿಲ್ಲು, ಎದುರಿನ ಕಟ್ಟಡ ಒಂದೊಂದೂ ತಮ್ಮ ಪಾಲು ಕದಿಯುತ್ತವೆ. ನಮ್ಮ ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಕಾಣುತ್ತದೆ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದಾಗ ಕಿಟಕಿಯಿಂದ ಮೂರಡಿ ಒಳಗೆ ಒಂದೆರಡು ಸಾವಿರವೂ ಸಿಗದಿರಬಹುದು. ಸಸಿಗೆ ಹತ್ತು ಸಾವಿರದಷ್ಟಾದರೂ ದಿನವಿಡೀ ಬೇಕು. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು, ಆದರೆ ನೇರಳೆ ದೀಪದಡಿ ಅದರ ಅಂಕಿ ನಂಬಬೇಡಿ, ಆ್ಯಪ್ ಲೆಕ್ಕ ಹಾಕುವುದು ಮನುಷ್ಯನ ಕಣ್ಣಿಗೆ ಕಾಣುವ ಬೆಳಕನ್ನು.

ಸೊಣಕಲಾದ ಸಸಿಯನ್ನು ಓದುವುದು

ಸಸಿ ಉದ್ದವಾದದ್ದು ಎಲ್ಲಿ ಎಂದು ನೋಡಿದರೆ ತಪ್ಪು ಯಾವ ದಿನ ಆಯಿತು ಎಂಬುದೂ ತಿಳಿಯುತ್ತದೆ. ಮಣ್ಣಿನಿಂದ ಮೊದಲ ಜೋಡಿ ಎಲೆ, ಅಂದರೆ ಬೀಜದಳದವರೆಗಿನ ಕಾಂಡ ಟೊಮ್ಯಾಟೊದಲ್ಲಿ ಎರಡು ಮೂರು ಸೆಂಟಿಮೀಟರ್ ಇದ್ದರೆ ಸರಿ. ಅದೇ ಐದಾರು ಆಗಿದ್ದರೆ ತಪ್ಪಾದದ್ದು ಮೊಳೆತ ಮೊದಲ ಮೂರು ನಾಲ್ಕು ದಿನ: ಮುಚ್ಚಳ ತೆಗೆಯಲು ತಡ, ದೀಪ ಹಾಕಲು ತಡ. ಆ ಭಾಗ ಇನ್ನು ಗಿಡ್ಡವಾಗುವುದಿಲ್ಲ, ಎಷ್ಟು ಬೆಳಕು ಕೊಟ್ಟರೂ. ಬುಡ ಸರಿಯಿದ್ದು ಮೇಲಿನ ಎಲೆಗಳ ನಡುವೆ ಅಂತರ ಹೆಚ್ಚಿದ್ದರೆ ಈಚೆಗೆ ಬೆಳಕು ಸಾಲುತ್ತಿಲ್ಲ, ಅಥವಾ ಸಸಿಗಳು ಒಂದಕ್ಕೊಂದು ತಾಗುತ್ತಿವೆ. ಪಕ್ಕದ ಎಲೆ ಕೆಂಪು ಬೆಳಕನ್ನು ನುಂಗಿ ಕಡುಕೆಂಪಿನಾಚೆಯದ್ದನ್ನು ಬಿಟ್ಟುಕೊಡುತ್ತದೆ. ಅದು ತಾಗಿದ ಸಸಿ, ಇಲ್ಲಿ ಪೈಪೋಟಿ ಇದೆ ಎಂದು ತಿಳಿದು ಮೇಲಕ್ಕೆ ಓಡುತ್ತದೆ. ಎಲ್ಲವೂ ಒಂದೇ ಕಡೆ ವಾಲಿದ್ದರೆ ಬೆಳಕು ಬದಿಯಿಂದ ಬರುತ್ತಿದೆ. ಟ್ರೇ ತಿರುಗಿಸುತ್ತಾ ಕೂರುವ ಬದಲು ಎದುರು ಬದಿಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ.

ಎಲೆ ಕಡುಹಸಿರು, ಕಾಂಡ ಉದ್ದ, ಮೆತ್ತಗೆ: ಗೊಬ್ಬರ ಹೆಚ್ಚಾಗಿದೆ. ಸೊಣಕಲು ಸಸಿ ಕಂಡ ಕೂಡಲೇ ಪಾಪ ಎಂದು ಯೂರಿಯಾ ನೀರು ಹಾಕುವವರಿದ್ದಾರೆ. ಬೆಳಕಿಲ್ಲದವನಿಗೆ ಊಟ ಬಡಿಸಿದರೆ ಅವನು ಇನ್ನಷ್ಟು ಉದ್ದವಾಗುತ್ತಾನೆ, ದಪ್ಪವಾಗುವುದಿಲ್ಲ.

ಸರಿಪಡಿಸುವುದು ಬೆಳೆ ನೋಡಿ. ಟೊಮ್ಯಾಟೊ ಇದ್ದರೆ ಅರ್ಧ ಗೆದ್ದಂತೆ. ಅದರ ಕಾಂಡ ಮಣ್ಣೊಳಗೆ ಹೋದಲ್ಲೆಲ್ಲ ಬೇರು ಬಿಡುತ್ತದೆ. ಒಂದು ಜೋಡಿ ನಿಜವಾದ ಎಲೆ ಬಂದ ಮೇಲೆ ಟೀ ಲೋಟದಷ್ಟು ದೊಡ್ಡ ಕಪ್ಪಿಗೆ, ತಳದಲ್ಲಿ ಮೂರು ತೂತು ಮಾಡಿ, ಬೀಜದಳದ ಕೆಳಗಿನವರೆಗೆ ಹೂತು ನೆಡಿ. ಎತ್ತುವಾಗ ಎಲೆ ಹಿಡಿದೇ ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಅಲ್ಲಿಗೆ ಮುಗಿಯಿತು. ತೀರಾ ಉದ್ದವಾಗಿದ್ದರೆ ಕಾಂಡವನ್ನು ಓರೆಯಾಗಿ ಮಲಗಿಸಿ ಹೂತು ತುದಿ ಮಾತ್ರ ಮೇಲೆ ಬಿಡಬಹುದು. ನೆಡುವ ಹಿಂದಿನ ದಿನ ನೀರು ಕಮ್ಮಿ ಮಾಡಿದರೆ ಕಾಂಡ ಬಳುಕುತ್ತದೆ, ಲಟಕ್ಕೆಂದು ಮುರಿಯುವುದಿಲ್ಲ.

ಬದನೆ, ಮೆಣಸು, ದೊಣ್ಣೆಮೆಣಸನ್ನು ಬೀಜದಳದ ಬುಡದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗಿಳಿಸಿ ಪ್ರಯೋಜನವಿಲ್ಲ. ಟೊಮ್ಯಾಟೊದಷ್ಟು ಸಲೀಸಾಗಿ ಅವು ಕಾಂಡದಲ್ಲಿ ಬೇರು ಬಿಡುವುದಿಲ್ಲ. ಎಲೆಕೋಸು, ಹೂಕೋಸೂ ಬೀಜದಳದವರೆಗೆ ತಾಳುತ್ತವೆ, ನಡುವಿನ ಸುಳಿಗೆ ಮಣ್ಣು ಬೀಳದಂತೆ ನೋಡಿಕೊಳ್ಳಿ. ಸೌತೆ, ಹೀರೆ, ಸೋರೆ, ಕುಂಬಳ ಸೊಣಕಲಾದರೆ ಹೂಳಲು ಹೋಗಬೇಡಿ, ಕಾಂಡ ಕೊಳೆಯುತ್ತದೆ. ಹೊಸ ಬೀಜ ಹಾಕಿ, ಅವು ನಾಲ್ಕೈದು ದಿನಕ್ಕೆ ಬರುವ ಜಾತಿ, ಹಳೆಯದಕ್ಕೆ ಉಪಚಾರ ಮಾಡುವ ಹೊತ್ತಿಗೆ ಹೊಸದು ಅದನ್ನು ಹಿಂದೆ ಹಾಕಿರುತ್ತದೆ. ಲೆಟ್ಯೂಸ್‌ಗೂ ಇದೇ ಮಾತು.

ಹೂತ ಮೇಲೆ ಎರಡು ದಿನ ಬಿಸಿಲಿನಿಂದ ದೂರ, ದೀಪದಡಿ ಮಾತ್ರ. ಮೂರನೇ ದಿನದಿಂದ ಗಾಳಿ. ಟೇಬಲ್ ಫ್ಯಾನ್ ಅತಿ ಕಡಿಮೆ ವೇಗದಲ್ಲಿ, ಎಲೆ ನಡುಗುವಷ್ಟು, ದಿನಕ್ಕೆ ಒಂದೆರಡು ಗಂಟೆ. ಅಥವಾ ಎಲೆ ಒಣಗಿದ್ದಾಗ ಅಂಗೈಯಿಂದ ಸಸಿಗಳ ನೆತ್ತಿಯನ್ನು ಹತ್ತು ಹದಿನೈದು ಸಲ ಹಾಯಾಗಿ ಸವರಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೇಳಿದರೆ ಮುದ್ದು ಮಾಡಿದಂತೆ ಕಾಣುತ್ತದೆ, ಆದರೆ ಅಲುಗಾಟ ಕಂಡ ಕಾಂಡ ಉದ್ದ ಬಿಟ್ಟು ದಪ್ಪವಾಗುತ್ತದೆ. ಟೊಮ್ಯಾಟೊ, ಬದನೆ, ಸೌತೆಗೆ ಇದು ಚೆನ್ನಾಗಿ ನಾಟುತ್ತದೆ. ಗೊಬ್ಬರದ ಸರದಿ ಒಂದು ವಾರದ ಮೇಲೆ. ನರ್ಸರಿಯಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ 3 ಗ್ರಾಂನಂತೆ ಬಿತ್ತಿದ 12 ಮತ್ತು 20ನೇ ದಿನ ಕೊಡುವ ಪದ್ಧತಿ ಇದೆ, ಅಲ್ಲಿ ನೆರಳುಪರದೆಯ ಕೆಳಗೂ ಬೆಳಕು ಧಾರಾಳ. ಮನೆಯೊಳಗೆ ಲೀಟರಿಗೆ 1 ಗ್ರಾಂ ಸಾಕು.

ಬುಡ ಕೊಳೆತರೆ

ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಮಣ್ಣಿನ ಮಟ್ಟದಲ್ಲಿ ದಾರ ಕಟ್ಟಿದಂತೆ ಸೊರಗಿ ಬಿದ್ದಿದ್ದರೆ ಅದು ಸೊಣಕಲಲ್ಲ, ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾ ಎಂಬ ಮಣ್ಣಿನ ರೋಗಾಣುಗಳ ಕೆಲಸ. ಬಿದ್ದದ್ದು ಏಳುವುದಿಲ್ಲ, ಆ ಕುಣಿಯ ಪುಡಿ ಸಮೇತ ತೆಗೆದು ಎಸೆಯಿರಿ. ಉಳಿದವನ್ನು ಉಳಿಸುವುದು ನೀರಿನ ಹಿಡಿತ. ಕಿಟ್‌ನ ಕೆಳತಟ್ಟೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಸೆಂಟಿಮೀಟರ್ ನೀರು ಹಾಕಿ, 20 ನಿಮಿಷ ಬಿಟ್ಟು, ಮಿಕ್ಕಿದ್ದನ್ನು ಚೆಲ್ಲಿ. ತಟ್ಟೆಯಲ್ಲಿ ರಾತ್ರಿಯಿಡೀ ನೀರು ನಿಂತರೆ ರೋಗಕ್ಕೆ ನಾವೇ ಎಲೆ ಅಡಿಕೆ ಕೊಟ್ಟು ಕರೆದಂತೆ. ಮತ್ತೆ ನೀರು ಯಾವಾಗ? ಟ್ರೇ ಎತ್ತಿ ನೋಡಿ, ಹಗುರ ಎನಿಸಿದಾಗ. ಮೇಲ್ಪದರ ಒಣಗಿ ತಿಳಿ ಕಂದು ಕಾಣಬೇಕು. ಬಿತ್ತುವ ಮುಂಚೆಯೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಕಿಲೋ ಮಿಶ್ರಣಕ್ಕೆ ಸುಮಾರು 10 ಗ್ರಾಂ ಬೆರೆಸಿಟ್ಟರೆ ಕಾಟ ಕಡಿಮೆ. ರೋಗ ಬಂದ ಮೇಲೆ ಬೆರೆಸಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಹಳೇ ಟ್ರೇ ಮತ್ತೆ ಬಳಸುವಾಗ ಸೋಪಿನ ನೀರಲ್ಲಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ.

ಟೊಮ್ಯಾಟೊ 21–25 ದಿನಕ್ಕೆ, ಬದನೆ ಮತ್ತು ದೊಣ್ಣೆಮೆಣಸು 30–35ಕ್ಕೆ, ಮೆಣಸಿನಕಾಯಿ 35–40ಕ್ಕೆ ನೆಡಲು ಬರುತ್ತವೆ. ಮನೆಯೊಳಗಿನವು ಒಂದು ವಾರ ಹಿಂದೆ ಬೀಳಬಹುದು. ದಿನ ಎಣಿಸುವುದಕ್ಕಿಂತ ಸಸಿ ನೋಡಿ: ನಾಲ್ಕೈದು ಎಲೆ, 12–15 ಸೆಂಟಿಮೀಟರ್ ಎತ್ತರ, ಟ್ರೇ ಅಲುಗಿಸಿದರೆ ತೊನೆದು ಮತ್ತೆ ನೆಟ್ಟಗೆ ನಿಲ್ಲಬೇಕು. ಹೊರಗೆ ಕಳಿಸುವ ಮುನ್ನ ಬಿಸಿಲು ಅಭ್ಯಾಸ ಮಾಡಿಸಲು ವಾರ ಬೇಕು. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚು, ನೀರು ತುಸು ಕಡಿಮೆ. ದೀಪದಡಿ ಬೆಳೆದದ್ದನ್ನು ಏಪ್ರಿಲ್ ಬಿಸಿಲಿಗೆ ಏಕಾಏಕಿ ಇಟ್ಟರೆ ಮಧ್ಯಾಹ್ನದೊಳಗೆ ಎಲೆ ಬಿಳಿಚಿ ಕಾಗದವಾಗುತ್ತದೆ.

ಕೊಳ್ಳಬೇಕೇ?

ತಾರಸಿ ಇದ್ದವರು, ಬಿಸಿಲು ಬೀಳುವ ಬಾಲ್ಕನಿ ಇದ್ದವರು ಕಿಟ್ ಕೊಳ್ಳಬೇಡಿ. ಅರ್ಧ ನೆರಳು ಕೊಡುವ ಹಸಿರು ಪರದೆ ಒಂದು ತುಂಡು, ಪ್ರೋಟ್ರೇ ಎರಡು, ಕೋಕೋಪೀಟ್ ಇಟ್ಟಿಗೆ ಒಂದು ತಂದರೆ ಕಿಟ್‌ನ ದುಡ್ಡಿನಲ್ಲಿ ಅರ್ಧ ಉಳಿಯುತ್ತದೆ, ಸಸಿಯೂ ಗಟ್ಟಿ. ಆರೇಳು ಟೊಮ್ಯಾಟೊ ಗಿಡ ಮಾತ್ರ ಬೇಕೆಂದರೆ ಹತ್ತಿರದ ನರ್ಸರಿಯಲ್ಲಿ ಪ್ರೋಟ್ರೇ ಸಸಿ ಬಿಡಿಯಾಗಿ ಕೊಡುತ್ತಾರೆಯೇ ಕೇಳಿ. ಅಲ್ಲೂ ಉದ್ದನೆಯದ್ದನ್ನು ಆರಿಸಬೇಡಿ. ಅಂಗಡಿಯವರು ‘ದೊಡ್ಡದಾಗಿದೆ ನೋಡಿ’ ಎಂದು ಕೊಡುವುದು ಬಹಳ ಸಲ ವಯಸ್ಸು ಮೀರಿ ಎಳೆದುಕೊಂಡಿದ್ದೇ. ಗಿಡ್ಡ, ದಪ್ಪ, ಹೂವಿಲ್ಲದ್ದು, ಬೇರು ಬೆಳ್ಳಗಿರುವುದು ಬೇಕು.

ಬಿಸಿಲೇ ಕಾಣದ ಮನೆಯವರಿಗೆ, ಮಕ್ಕಳಿಗೆ ತೋರಿಸಲೆಂದು ತರುವವರಿಗೆ ದೀಪವಿಲ್ಲದ ಅಗ್ಗದ ಕಿಟ್ ತಂದು ಬ್ಯಾಟನ್ ಬೇರೆ ಹಾಕಿಕೊಳ್ಳುವುದು ಲೇಸು. ದೀಪ ಸಮೇತ ಕೊಂಡಾಗಿದ್ದರೆ ಅದನ್ನು ಎಸೆಯಬೇಕಾಗಿಲ್ಲ. 12 ಕುಣಿಗಳಲ್ಲಿ ನಡುವಿನ ಆರನ್ನು ಮಾತ್ರ ತುಂಬಿ, ಟ್ರೇ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು ಸಸಿಯನ್ನು ದೀಪದ ಹತ್ತಿರ ಏರಿಸಿ, 12 ಗಂಟೆ ಕಾಲ ಉರಿದು ಆರಿದ ಮೇಲೆ ಮತ್ತೊಮ್ಮೆ 3 ಗಂಟೆಯ ಬಟನ್ ಒತ್ತಿ. ಸಸಿ ಬೆಳೆದಂತೆ ಪುಸ್ತಕ ಒಂದೊಂದಾಗಿ ತೆಗೆಯುತ್ತಾ ಬನ್ನಿ.